ಒಂದು ಲೋಟ ಹೆಸರುಕಾಳು, ವಾರವಿಡೀ ಪಾಠ

ಬೇಸಿಗೆ ರಜೆ ಶುರುವಾಗಿ ನಾಲ್ಕು ದಿನ ಕಳೆಯುವಷ್ಟರಲ್ಲಿ ಪೋಷಕರ ಫೋನು ಬರತೊಡಗುತ್ತದೆ. ‘ಟೀಚರ್, ಕಲಿತದ್ದೆಲ್ಲ ಮರೆತುಬಿಡ್ತಾನೆ, ಬರೆಯೋಕೆ ಏನಾದ್ರೂ ಕೊಡಿ.’ ದಿನಕ್ಕೆರಡು ಪುಟ ಕಾಪಿ, ಹತ್ತು ಸಲ ಮಗ್ಗಿ ಅಂದರೆ ಅವರಿಗೆ ಸಮಾಧಾನ. ಪ್ರಾಥಮಿಕ ಶಾಲೆಯಲ್ಲಿ 22 ವರ್ಷ ಪಾಠ ಮಾಡಿರುವ ನಾನು ಈಗ ಅವರಿಗೆ ಹೇಳುವುದು ಒಂದೇ ಮಾತು: ಡಬ್ಬಿಯಿಂದ ಒಂದು ಲೋಟ ಹೆಸರುಕಾಳು ತೆಗೆದಿಡಿ.

ಇದಕ್ಕೊಂದು ಕಾರಣವಿದೆ. 19ರ ಮಗ್ಗಿಯನ್ನು ಒಂದೇ ಉಸಿರಿಗೆ ಒಪ್ಪಿಸುವ ನಾಲ್ಕನೇ ತರಗತಿಯ ಹುಡುಗನೊಬ್ಬನಿಗೆ ಲೋಟ ತುಂಬ ಕಾಳು ತೋರಿಸಿ, ಎಷ್ಟಿರಬಹುದು ಎಂದು ಕೇಳಿದ್ದೆ. ‘ನೂರು’ ಅಂದ. ಸ್ವಲ್ಪ ಯೋಚಿಸಿ, ‘ಲಕ್ಷ’ ಅಂದ. ಅಂಕಿ ಅವನ ನಾಲಿಗೆಯಲ್ಲಿತ್ತು, ಕಣ್ಣಿಗೆ ಇಳಿದಿರಲಿಲ್ಲ. ಆ ಕೆಲಸಕ್ಕೆ ತರಗತಿಗಿಂತ ಅಡುಗೆಮನೆಯೇ ಒಳ್ಳೆಯ ಜಾಗ. ಮನೆಯಲ್ಲಿ ಗಂಟೆ ಹೊಡೆಯುವುದಿಲ್ಲ, ಹಾಗಾಗಿ ಗಣಿತ ಎಲ್ಲಿ ಮುಗಿದು ವಿಜ್ಞಾನ ಎಲ್ಲಿ ಶುರುವಾಯಿತೆಂದು ಮಗುವಿಗೆ ತಿಳಿಯಬೇಕಾದ ಅಗತ್ಯವೂ ಇಲ್ಲ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾಗಿ ರಾಜ್ಯದುದ್ದಕ್ಕೂ ಹಬ್ಬಿದ ನಲಿ–ಕಲಿ ಎಂಬ ಬೋಧನಾ ಪದ್ಧತಿಯ ಜೀವಾಳವೂ ಇದೇ: ಮಗು ತನ್ನ ವೇಗದಲ್ಲಿ, ಕೈಯಾರೆ ಮಾಡುತ್ತ ಕಲಿಯಲಿ ಎಂಬುದು.

ಮೊದಲು ಒಂದು ನೋಟ್‌ಬುಕ್

ಗೆರೆಯಿಲ್ಲದ ನೋಟ್‌ಬುಕ್ ಒಂದು ಸಾಕು. ಪ್ರತಿ ಪುಟದಲ್ಲೂ ಉದ್ದಕ್ಕೆ ಎರಡು ಗೆರೆ ಎಳೆದು ಮೂರು ಕಂಬ ಮಾಡಿ. ‘ನನ್ನ ಊಹೆ’, ‘ಕಂಡದ್ದು’, ‘ಯಾಕೆ?’ ಎಂದು ತಲೆಬರಹ ಹಾಕಿ. ನಿಯಮ ಎರಡೇ. ಊಹೆ ಬರೆಯದೆ ಯಾವುದಕ್ಕೂ ಕೈ ಹಾಕುವಂತಿಲ್ಲ. ಬರೆದ ಊಹೆಯನ್ನು ಆಮೇಲೆ ಅಳಿಸುವಂತಿಲ್ಲ, ಆದ್ದರಿಂದ ರಬ್ಬರ್ ಒಳಗಿಡಿ. ನೀವೂ ನಿಮ್ಮ ಊಹೆಯನ್ನು ಪಕ್ಕದಲ್ಲೇ ಬರೆಯಿರಿ. ಅಪ್ಪನ ಊಹೆಯೂ ತಪ್ಪಾಗುತ್ತದೆ ಎಂದು ಗೊತ್ತಾದ ದಿನ ಮಗುವಿನ ಅರ್ಧ ಹೆದರಿಕೆ ಇಳಿಯುತ್ತದೆ.

ಒಂದು, ಎರಡನೇ ತರಗತಿಯವರು ಚಿತ್ರ ಬಿಡಿಸಲಿ. ಅವರು ಬಾಯಲ್ಲಿ ಹೇಳಿದ್ದನ್ನು ಹೇಳಿದ ಹಾಗೆಯೇ ನೀವು ಕೆಳಗೆ ಬರೆದುಕೊಡಿ. ದೊಡ್ಡವರು ತಾವೇ ಬರೆಯಲಿ. ಒತ್ತಕ್ಷರ ತಪ್ಪಿದೆ, ದೀರ್ಘ ಬಿಟ್ಟಿದೆ ಎಂದು ಈ ಪುಸ್ತಕದಲ್ಲಿ ಮಾತ್ರ ಕೆಂಪು ಗೆರೆ ಎಳೆಯಬೇಡಿ, ದಯವಿಟ್ಟು. ದಿನಕ್ಕೆ ಅರ್ಧ ಗಂಟೆ ಸಾಕು. ಆ ಅರ್ಧ ಗಂಟೆ ನಿಮ್ಮ ಮೊಬೈಲ್ ಇನ್ನೊಂದು ಕೋಣೆಯಲ್ಲಿರಲಿ.

ಮೊದಲ ಸಂಜೆ: ಎಣಿಸದೆ ಎಣಿಸುವುದು

1. ಲೋಟದಲ್ಲಿ ಎಷ್ಟು ಕಾಳಿರಬಹುದೆಂದು ಎಲ್ಲರೂ ಊಹೆ ಬರೆಯಿರಿ.

2. ಒಂದು ಚಮಚ ಕಾಳನ್ನು ತಟ್ಟೆಗೆ ಸುರಿಯಿರಿ. ಚಮಚದ ಅಂಚಿಗೆ ಸಮವಾಗಿರಲಿ, ಗೋಪುರ ಬೇಡ. ಮಗು ಅದನ್ನು ಹತ್ತರ ಗುಂಪು ಮಾಡಿ ಎಣಿಸಲಿ. ನಮ್ಮ ಮನೆಯ ಚಮಚಕ್ಕೆ 92 ಬಂದವು.

3. ಲೋಟದಲ್ಲಿ ಅಂಥ ಎಷ್ಟು ಚಮಚ ಹಿಡಿಯುತ್ತದೆಂದು ಅಳೆಯಲಿ. ನಮ್ಮದು 38 ಚಮಚ.

4. ಮೂರನೇ ತರಗತಿಯ ಮೇಲಿನವರು ಗುಣಿಸಲಿ. 92ನ್ನು 38ರಿಂದ ಗುಣಿಸಿದರೆ 3,496. ಚಿಕ್ಕವರು ಹತ್ತರ ಗುಂಪಿನಲ್ಲೇ ನಿಲ್ಲಲಿ.

ಇಲ್ಲಿ ಮಗು ಒಂದು ಒಳ್ಳೆಯ ಪ್ರಶ್ನೆ ಕೇಳುವ ಸಾಧ್ಯತೆ ಇದೆ: ಎಲ್ಲ ಚಮಚದಲ್ಲೂ 92 ಇರುತ್ತದೆಯೇ? ಇನ್ನೆರಡು ಚಮಚ ಎಣಿಸಿ ನೋಡಲಿ. ಒಂದರಲ್ಲಿ 88, ಇನ್ನೊಂದರಲ್ಲಿ 95 ಬರಬಹುದು. ಸರಾಸರಿ ಎಂಬ ಪದವನ್ನು ಆಗ ಹೇಳಿ, ಅದಕ್ಕೆ ಮೊದಲು ಬೇಡ.

ಆಮೇಲೆ 100 ಕಾಳು ಎಣಿಸಿ ಒಂದು ಬಟ್ಟಲಿಗೆ, ಹತ್ತು ಹೆಸರುಬೇಳೆ ಇನ್ನೊಂದಕ್ಕೆ ಹಾಕಿ ನೆನೆಹಾಕಿ. ಉಳಿದ ಕಾಳಿಗೆ ಮೂರು ಲೋಟ ನೀರು ಅಳೆದು ಹೊಯ್ಯಿರಿ. ನಾಳೆ ಬೆಳಿಗ್ಗೆ ಏನಾಗಿರುತ್ತದೆ? ಬೇಳೆ ಮೊಳಕೆ ಬರುತ್ತದೆಯೇ? ಊಹೆ ಬರೆದು ಮಲಗಲಿ.

ಎರಡನೇ ದಿನ: ಕಾಳಿನ ಒಳಗೆ

ನೆನೆದ ಕಾಳನ್ನು ಅದೇ ಲೋಟದಿಂದ ಅಳೆಯಿರಿ. ಒಂದು ಲೋಟ ಇದ್ದದ್ದು ಎರಡರ ಆಸುಪಾಸಿಗೆ ಬಂದಿರುತ್ತದೆ. ಬಸಿದ ನೀರನ್ನೂ ಅಳೆಯಿರಿ, ಮೂರು ಲೋಟ ಇರುವುದಿಲ್ಲ. ಹೋದ ನೀರು ಎಲ್ಲಿ ಹೋಯಿತೆಂದು ಹೇಳಿಕೊಡಬೇಡಿ. ಸುಮ್ಮನೆ ಕಾಯಿರಿ.

ಈಗ ಒಂದೊಂದು ಕಾಳಿನ ಸಿಪ್ಪೆ ಸುಲಿಯಲಿ. ಕಾಳು ಎರಡು ಹೋಳಾಗಿ ಬಿಚ್ಚುತ್ತದೆ. ಎರಡರ ಸಂದಿಯಲ್ಲಿ ಬಾಗಿ ಮಲಗಿದ ಬಿಳಿಯ ಪುಟ್ಟ ಕುಡಿ ಕಾಣುತ್ತದೆ. ಭೂತಗನ್ನಡಿ ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ಕಾಣುತ್ತದೆ. ಆ ಕುಡಿಯೇ ಮುಂದೆ ಗಿಡ, ಎರಡು ಹೋಳು ಅದಕ್ಕೆ ಕಟ್ಟಿಕೊಟ್ಟ ಬುತ್ತಿ. ನಾವು ಸಾರಿಗೆ ಹಾಕುವ ಬೇಳೆ ಅಂದರೆ ಬುತ್ತಿಯ ಅರ್ಧ ಭಾಗ ಮಾತ್ರ. ಕಾಳು ಒಡೆದು ಬೇಳೆ ಮಾಡುವಾಗ ಕುಡಿ ಮುರಿದುಹೋಗುತ್ತದೆ. ಬೇಳೆ ಯಾಕೆ ಮೊಳಕೆ ಬರುವುದಿಲ್ಲ ಎಂಬುದಕ್ಕೆ ಮಗುವೇ ಉತ್ತರ ಹೇಳುತ್ತದೆ.

ನೂರು ಕಾಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಡಿ. ಉಳಿದದ್ದನ್ನು ಎಂದಿನಂತೆ ಬಟ್ಟೆಯಲ್ಲಿ ಗಂಟುಕಟ್ಟಿ.

ಮೂರನೇ ದಿನದಿಂದ: ಬೆಳಕಿನ ಬಟ್ಟಲು, ಕತ್ತಲೆಯ ಬಟ್ಟಲು

ನೂರರಲ್ಲಿ ಮೊಳಕೆ ಬಂದದ್ದೆಷ್ಟು ಎಂದು ಎಣಿಸಲಿ. 94 ಬಂದಿದ್ದರೆ ಶೇ 94. ಬಿತ್ತನೆಗೆ ಮೊದಲು ರೈತರು ಬೀಜ ಪರೀಕ್ಷಿಸುವುದು ಹೀಗೆಯೇ ಎಂದು ಹೇಳಿ. ಶೇಕಡಾವಾರು ಲೆಕ್ಕಕ್ಕೆ ಇದಕ್ಕಿಂತ ಒಳ್ಳೆಯ ಬಾಗಿಲು ನಾನು ಕಂಡಿಲ್ಲ. ಗಂಟು ಕಟ್ಟಿದ ಕಾಳು ಉಸಲಿಗೆ ಹೋಗಲಿ. ಪುಟ್ಟ ಮಕ್ಕಳಿಗೆ ಬೇಯಿಸಿಯೇ ಕೊಡಿ.

ಮೊಳಕೆ ಬಂದವುಗಳಲ್ಲಿ ಐದೈದನ್ನು ಎರಡು ಬಟ್ಟಲಿನ ಒದ್ದೆ ಹತ್ತಿಯ ಮೇಲಿಡಿ. ಒಂದು ಕಿಟಕಿಯ ಬಳಿ, ಇನ್ನೊಂದು ಬೀರುವಿನ ಒಳಗೆ. ಎರಡಕ್ಕೂ ಬೆಳಿಗ್ಗೆ ಅಷ್ಟಷ್ಟೇ ಚಮಚ ನೀರು. ಯಾವುದು ಹೆಚ್ಚು ಎತ್ತರ ಬೆಳೆಯುತ್ತದೆ?

ನನ್ನ ತಂಗಿಯ ಮಗಳು ಮೂರನೇ ತರಗತಿ. ‘ಬೀರುವಿನಲ್ಲಿರೋದು ಸತ್ತುಹೋಗತ್ತೆ’ ಎಂದು ಬರೆದಿದ್ದಳು, ಪಕ್ಕದಲ್ಲಿ ಅಳುವ ಮುಖ ಬೇರೆ. ಐದನೇ ದಿನ ಬೀರು ತೆಗೆದವಳು ‘ದೊಡ್ಡಮ್ಮಾ!’ ಎಂದು ಕೂಗಿದ್ದು ಹಿತ್ತಿಲಿಗೆ ಕೇಳಿಸಿತು. ಕತ್ತಲೆಯ ಸಸಿಗಳು ಕಿಟಕಿಯವಕ್ಕಿಂತ ಉದ್ದ ಬೆಳೆದಿದ್ದವು. ಆದರೆ ಶಾವಿಗೆಯ ಹಾಗೆ ತೆಳ್ಳಗೆ, ಬಿಳಿಚಿಕೊಂಡು, ತಲೆ ಎತ್ತಲಾರದೆ ಅಂಚಿಗೆ ಒರಗಿದ್ದವು. ಎಲೆ ತಿಳಿಹಳದಿ. ಕಿಟಕಿಯವು ಗಿಡ್ಡ, ಹಸಿರು, ನೆಟ್ಟಗೆ. ಬುತ್ತಿಯಲ್ಲಿದ್ದುದನ್ನೆಲ್ಲ ಖರ್ಚು ಮಾಡಿ ಸಸಿ ಬೆಳಕು ಹುಡುಕುತ್ತ ಚಾಚುತ್ತದೆ, ಬೆಳಕಿಲ್ಲದೆ ಎಲೆ ಹಸಿರಾಗುವುದಿಲ್ಲ. ಬಟ್ಟಲನ್ನು ಕಿಟಕಿಗೆ ತಂದಿಟ್ಟರೆ ಒಂದೆರಡು ದಿನದಲ್ಲಿ ಆ ಹಳದಿ ಎಲೆಗಳೂ ಹಸಿರಾಗುವುದನ್ನು ಮಗು ನೋಡಬಹುದು.

ಅಳತೆಗೆ ಸ್ಕೇಲು ಬೇಡ, ದಾರ ಸಾಕು. ದಿನಾ ಒಂದು ಸಸಿಯ ಎತ್ತರಕ್ಕೆ ದಾರ ಕತ್ತರಿಸಿ, ದಿನಾಂಕ ಬರೆದು, ಪುಸ್ತಕದಲ್ಲಿ ಒಂದರ ಪಕ್ಕ ಒಂದರಂತೆ ಅಂಟಿಸಲಿ. ವಾರದ ಕೊನೆಗೆ ಮೆಟ್ಟಿಲಿನಂತೆ ಏರುವ ಸಾಲು ಸಿಗುತ್ತದೆ. ಅದೇ ಸ್ತಂಭಾಲೇಖ. ಶಾಲೆಯಲ್ಲಿ ಆ ಪಾಠ ಬಂದಾಗ ಮಗುವಿಗೆ ಅದು ಹಳೆಯ ಗೆಳೆಯ.

ಹೆಸರಿಗೆ ಯಾಕೆ ಆ ಹೆಸರು?

ಭಾಷೆಯ ಪಾಠವೂ ಇದೇ ಕಾಳಿನಲ್ಲಿದೆ. ಹೆಸರು ಅಂದರೆ ಕಾಳು, ಹೆಸರು ಅಂದರೆ ಮಗುವಿನ ಹೆಸರೂ ಹೌದು. ಬೆಳೆ ಅಂದರೆ ಹೊಲದ ಪೈರು, ‘ಚೆನ್ನಾಗಿ ಬೆಳೆ’ ಎಂಬ ಹಾರೈಕೆಯೂ ಹೌದು. ಎಳೆ ಅಂದರೆ ದಾರ, ಎಳೆ ಅಂದರೆ ಜಗ್ಗು, ಎಳೆ ಸೌತೆಕಾಯಿಯ ಎಳೆಯೂ ಇದೆ. ಇಂಥ ಪದ ಸಿಕ್ಕಾಗಲೆಲ್ಲ ಪುಸ್ತಕದ ಒಂದು ಪುಟಕ್ಕೆ ಸೇರಿಸಲಿ, ಎರಡೂ ಅರ್ಥಕ್ಕೆ ಒಂದೊಂದು ವಾಕ್ಯ ಬರೆಯಲಿ. ‘ಬೆಳೆಯುವ ಸಿರಿ ಮೊಳಕೆಯಲ್ಲಿ’ ಎಂಬ ಗಾದೆಯನ್ನು ಈ ವಾರ ಹೇಳಿದರೆ ವಿವರಿಸುವ ಕೆಲಸವೇ ಇರುವುದಿಲ್ಲ. ಇಂಗ್ಲಿಷ್ ಬೇಕೆನ್ನುವವರು ಅಡುಗೆಮನೆಯ ಡಬ್ಬಿಗಳಿಗೆ ಎರಡೂ ಭಾಷೆಯಲ್ಲಿ ಚೀಟಿ ಅಂಟಿಸುವ ಕೆಲಸ ಒಪ್ಪಿಸಿ.

ಕಾಲು ಎಂಬ ಪದ ಬಂದಾಗ ಮಾತ್ರ ಸ್ವಲ್ಪ ಹೊತ್ತು ನಿಲ್ಲಿ. ಕಾಲು ಅಂದರೆ ನಡೆಯುವ ಕಾಲು, ನಾಲ್ಕರಲ್ಲಿ ಒಂದು ಭಾಗವೂ ಹೌದು. ಮೂರು ಕಾಲು ಸೇರಿದರೆ ಮುಕ್ಕಾಲು. ಕಾಲಿನ ಅರೆ ಅರೆಕಾಲು, ಅಂದರೆ ಎಂಟರಲ್ಲೊಂದು. ಭಿನ್ನರಾಶಿಯಲ್ಲಿ ಮಕ್ಕಳು ಎಡವುವುದು ಒಂದೇ ಜಾಗದಲ್ಲಿ: 4ಕ್ಕಿಂತ 8 ದೊಡ್ಡದು, ಹಾಗಾದರೆ ಎಂಟರಲ್ಲೊಂದು ನಾಲ್ಕರಲ್ಲೊಂದಕ್ಕಿಂತ ದೊಡ್ಡದು ಎಂದುಕೊಳ್ಳುತ್ತಾರೆ. ಬಿಸಿ ದೋಸೆ ಎರಡು ಹುಯ್ಯಿರಿ. ಒಂದನ್ನು ನಾಲ್ಕು ತುಂಡು, ಇನ್ನೊಂದನ್ನು ಎಂಟು ತುಂಡು ಮಾಡಿ. ‘ನಿನಗೆ ಒಂದೇ ತುಂಡು, ಯಾವ ತಟ್ಟೆಯಿಂದ ಬೇಕು?’ ಎಂದು ಕೇಳಿ. ಹಸಿದ ಮಗು ಈ ಲೆಕ್ಕದಲ್ಲಿ ತಪ್ಪುವುದಿಲ್ಲ. ಕೈ ಸರಿಯಾದ ತಟ್ಟೆಗೆ ಹೋದಮೇಲೆ ಪುಸ್ತಕದಲ್ಲಿ ಎರಡೂ ಭಿನ್ನರಾಶಿ ಬರೆಸಿ.

ಮನೆಯಲ್ಲಿ ಅಜ್ಜಿ ಇದ್ದರೆ, ನಾಲ್ಕಾಣೆ ಅಂದರೆ 25 ಪೈಸೆ ಯಾಕೆಂದು ಮಗು ಅವರನ್ನೇ ಕೇಳಲಿ. ಹಿಂದೆ ರೂಪಾಯಿಗೆ 16 ಆಣೆ ಇತ್ತು, 1957ರ ಏಪ್ರಿಲ್ 1ರಿಂದ 100 ಪೈಸೆಯಾಯಿತು. 16ರಲ್ಲಿ ಕಾಲು ಭಾಗ 4, ನೂರರಲ್ಲಿ ಕಾಲು ಭಾಗ 25. ಪಾವು, ಸೇರು, ಚಟಾಕಿನ ಕಥೆಯೂ ಅಲ್ಲಿಂದ ಹೊರಡುತ್ತದೆ. ಅಜ್ಜಿ ಹೇಳಿದ್ದನ್ನು ಮಗು ಬರೆದುಕೊಂಡರೆ ಅದು ಸಮಾಜ ವಿಜ್ಞಾನ. ಕಾಳು ಬಂದ ದಾರಿಯನ್ನೂ ಹುಡುಕಲಿ: ಅಂಗಡಿಯವರನ್ನು ಕೇಳಿ, ಗದಗ, ಧಾರವಾಡ, ಕಲಬುರಗಿಯಂಥ ಹೆಸರು ಬೆಳೆಯುವ ಜಿಲ್ಲೆಗಳನ್ನು ನಕ್ಷೆಯಲ್ಲಿ ಗುರುತು ಹಾಕಲಿ.

ಅರಿಶಿನದ ಮಾಯಾ ಕಾಗದ

ಮಕ್ಕಳು ಮತ್ತೆ ಮತ್ತೆ ಬೇಕೆನ್ನುವುದು ಇದು. ಎರಡು ಚಮಚ ಅರಿಶಿನವನ್ನು ನೀರಿನಲ್ಲಿ ತೆಳ್ಳಗೆ ಕಲಸಿ ಬಿಳಿ ಹಾಳೆಗೆ ಬಳಿದು ನೆರಳಲ್ಲಿ ಒಣಗಿಸಿ. ಬಟ್ಟೆ ಸೋಪನ್ನು ನೀರಿನಲ್ಲಿ ಕರಗಿಸಿ, ಬೆಂಕಿಕಡ್ಡಿಗೆ ಹತ್ತಿ ಸುತ್ತಿ ಅದ್ದಿ ಹಾಳೆಯ ಮೇಲೆ ಚಿತ್ರ ಬರೆಯಲಿ. ಗೆರೆ ಕೆಂಪಗೆ ಮೂಡುತ್ತದೆ. ಅದರ ಮೇಲೆ ನಿಂಬೆರಸ ಬಿಟ್ಟರೆ ಕೆಂಪು ಅಳಿದು ಮತ್ತೆ ಹಳದಿ. ಅರಿಶಿನದ ಕಲೆಯಾದ ಅಂಗಿಗೆ ಸೋಪು ಹಚ್ಚಿದಾಗ ಕೆಂಪಾಗುವುದು, ಆರತಿಗೆ ಅರಿಶಿನದ ನೀರಿಗೆ ಸುಣ್ಣ ಹಾಕಿದ ಕೂಡಲೇ ಅದು ರಕ್ತಗೆಂಪಾಗುವುದು ಎಲ್ಲ ಒಂದೇ ಕಾರಣಕ್ಕೆ: ಸೋಪು, ಸುಣ್ಣದಂಥ ಪ್ರತ್ಯಾಮ್ಲ ತಗುಲಿದರೆ ಅರಿಶಿನ ಬಣ್ಣ ಬದಲಿಸುತ್ತದೆ, ಹುಳಿ ತಗುಲಿದರೆ ಮರಳಿ ಬರುತ್ತದೆ. ಸುಣ್ಣ ಮಾತ್ರ ಮಕ್ಕಳ ಕೈಗೆ ಕೊಡಬೇಡಿ, ಕಣ್ಣಿಗೆ ಬಿದ್ದರೆ ಅಪಾಯ. ಅಡುಗೆ ಸೋಡಾ, ಮಜ್ಜಿಗೆ, ಹುಣಸೆಹುಳಿ, ಶಾಂಪೂ ಯಾವುದು ಕೆಂಪು ಮಾಡುತ್ತದೆ, ಯಾವುದು ಮಾಡುವುದಿಲ್ಲ ಎಂದು ಊಹೆಯ ಪಟ್ಟಿ ಮಾಡಿಯೇ ಮುಂದುವರಿಯಿರಿ.

ಅಂಗಳದಲ್ಲಿ, ಮಹಡಿಯಲ್ಲಿ

ಚುಕ್ಕಿ ರಂಗೋಲಿ ಇಡುವ ಮನೆಯಲ್ಲಿ ಗಣಿತ ಹೊಸ್ತಿಲಲ್ಲೇ ಇದೆ. 5ರಿಂದ 1ರವರೆಗಿನ ನೇರ ಚುಕ್ಕಿಗೆ ಒಟ್ಟು 13 ಚುಕ್ಕಿ, 7ರಿಂದ 1ಕ್ಕೆ 25. 9ರಿಂದ 1ಕ್ಕೆ ಎಷ್ಟು ಬೇಕೆಂದು ಇಡುವ ಮೊದಲೇ ಹೇಳಲು ಕೇಳಿ. 13ರಿಂದ 25ಕ್ಕೆ 12 ಹೆಚ್ಚಾಯಿತು, ಈ ಸಲ 16 ಹೆಚ್ಚಾಗಿ 41 ಆಗುತ್ತದೆ. ಹುಡುಗರನ್ನೂ ಕೂರಿಸಿ. ರಂಗೋಲಿ ಹೆಣ್ಣುಮಕ್ಕಳ ಕೆಲಸ ಎಂದು ಅವರನ್ನು ಈ ಪಾಠದಿಂದ ಹೊರಗಿಡುವುದು ನನಗೆ ಒಪ್ಪಿಗೆಯಿಲ್ಲ.

ಮಧ್ಯಾಹ್ನ ಬಿಸಿಲೆಂದು ಒಳಗೇ ಇದ್ದರೆ ಚೌಕಾಬಾರ. ಒಂದು ಮಗ್ಗುಲು ತೇಯ್ದ ನಾಲ್ಕು ಹುಣಸೆಬೀಜ ಸಾಕು. ಆಟ ಮುಗಿದ ಮೇಲೆ 50 ಸಲ ಬೀಜ ಎಸೆದು 1, 2, 3, 4, 8 ಎಷ್ಟೆಷ್ಟು ಸಲ ಬಿದ್ದವೆಂದು ಗೀಟು ಹಾಕಲಿ. 2 ಪದೇ ಪದೇ ಬೀಳುವುದು, ಚೌಕ (4) ಮತ್ತು ಬಾರಕ್ಕೆ (8) ಕಾಯಬೇಕಾಗುವುದು ಯಾಕೆಂದು ಚರ್ಚೆಯಾಗಲಿ.

ಇನ್ನೊಂದು ಕೆಲಸಕ್ಕೆ ಮಾತ್ರ ಕ್ಯಾಲೆಂಡರ್ ನೋಡಬೇಕು. ಏಪ್ರಿಲ್ 24ರ ಆಸುಪಾಸಿನಲ್ಲಿ ಬೆಂಗಳೂರಿನಲ್ಲಿ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ಮಧ್ಯಾಹ್ನ ಸುಮಾರು 12 ಗಂಟೆ 17 ನಿಮಿಷಕ್ಕೆ ನೆಟ್ಟಗೆ ನಿಲ್ಲಿಸಿದ ಲೋಟದ ನೆರಳು ಅದರ ಬುಡದಲ್ಲೇ ಅಡಗುತ್ತದೆ. ಉತ್ತರಕ್ಕೆ ಹೋದಂತೆ ಈ ದಿನ ಮುಂದಕ್ಕೆ ಹೋಗುತ್ತದೆ, ಬೆಳಗಾವಿ, ಕಲಬುರಗಿ ಕಡೆ ಮೇ ಮೊದಲ ಹದಿನೈದು ದಿನಗಳಲ್ಲಿ. ಬೇರೆ ಊರಲ್ಲಿರುವ ಅತ್ತೆ ಮಕ್ಕಳೂ ಇದನ್ನೇ ಮಾಡಿ ಫೋನಿನಲ್ಲಿ ನೆರಳಿನ ಉದ್ದ ಹೇಳಲಿ, ಭೂಮಿ ದುಂಡಗಿದೆ ಎಂಬುದು ಆಗ ಬರೀ ಪುಸ್ತಕದ ವಾಕ್ಯವಾಗಿ ಉಳಿಯುವುದಿಲ್ಲ. ಟೋಪಿ ಹಾಕಿ ಕಳಿಸಿ, ಸೂರ್ಯನನ್ನು ನೇರ ನೋಡದಂತೆ ಎಚ್ಚರಿಸಿ, ಹತ್ತು ನಿಮಿಷದಲ್ಲಿ ಕೆಳಗೆ ಕರೆಯಿರಿ.

ಕೊನೆಯ ಪುಟ

ನಿಮಗೂ ಉತ್ತರ ತಿಳಿಯದ ಪ್ರಶ್ನೆಯನ್ನು ಮಗು ಕೇಳಿಯೇ ಕೇಳುತ್ತದೆ. ‘ಸುಮ್ನಿರು’ ಅನ್ನಬೇಡಿ, ಕೂಡಲೇ ಮೊಬೈಲ್ ತೆಗೆಯಲೂ ಬೇಡಿ. ನೋಟ್‌ಬುಕ್ಕಿನ ಕೊನೆಯ ಪುಟಕ್ಕೆ ‘ಟೀಚರನ್ನು ಕೇಳಬೇಕು’ ಎಂದು ತಲೆಬರಹ ಹಾಕಿ ಅಲ್ಲಿ ಬರೆಯಿಸಿ. ಶಾಲೆ ಮತ್ತೆ ತೆರೆದ ದಿನ ಆ ಪುಟದೊಂದಿಗೆ ಕಳಿಸಿ. ತಂಗಿಯ ಮಗಳ ಕೊನೆಯ ಪುಟದಲ್ಲಿ ಏಳು ಪ್ರಶ್ನೆಗಳಿವೆ. ಮೊದಲನೆಯದು: ‘ಬೀರುವಿನ ಒಳಗೆ ಕತ್ತಲೆ ಇದೆ ಅಂತ ಹೆಸರುಕಾಳಿಗೆ ಹೇಗೆ ಗೊತ್ತಾಯ್ತು? ಅದಕ್ಕೆ ಕಣ್ಣೇ ಇಲ್ವಲ್ಲ?’