ಹತ್ತು ಜನ, ಏಳು ಮನೆಮಾತು

ಸೈನ್ಯದಲ್ಲಿ ಮೊದಲ ಸಲ ನನ್ನ ಕೈಗೆ ಸೆಕ್ಷನ್, ಅಂದರೆ ಒಂದು ಸಣ್ಣ ತುಕಡಿ, ಬಂದಾಗ ನಾನು ಹೊಸ ಹವಾಲ್ದಾರ್. ನನ್ನನ್ನೂ ಸೇರಿಸಿ ಹತ್ತು ಜನ. ಹರಿಯಾಣ, ಹಿಮಾಚಲ, ಒಡಿಶಾ, ಬಂಗಾಳ, ಆಂಧ್ರ, ಕೇರಳದ ಹುಡುಗರು. ಕನ್ನಡದವನು ನಾನೊಬ್ಬನೇ.

ಮರಾಠಾ, ಸಿಖ್, ಗೂರ್ಖಾ ಪಲ್ಟನ್‌ಗಳಲ್ಲಿ ಬಹುಪಾಲು ಜವಾನರ ಮಾತು, ದೇವರು, ಊಟ ಒಂದೇ. ಒಗ್ಗಟ್ಟು ಊರಿಂದಲೇ ಬಂದಿರುತ್ತದೆ. ನಮ್ಮದು 'ಆಲ್ ಇಂಡಿಯಾ ಆಲ್ ಕ್ಲಾಸ್', ಅಂದರೆ ಎಲ್ಲ ರಾಜ್ಯ, ಎಲ್ಲ ಸಮುದಾಯದವರೂ ಒಟ್ಟಿಗೆ. ಇನ್‌ಫೆಂಟ್ರಿಯಲ್ಲೂ (ಕಾಲಾಳು ಪಡೆ) ಇಂಥ ಮಿಶ್ರ ರೆಜಿಮೆಂಟ್ ಇರಲಿ ಅಂತ ನಮ್ಮ ಕೊಡಗಿನ ಕಾರ್ಯಪ್ಪನವರು 1949ರಲ್ಲಿ ಗಾರ್ಡ್ಸ್ ರೆಜಿಮೆಂಟ್ ಕಟ್ಟಿದರು. ಕೇಳೋಕೆ ಚೆಂದ. ನಡೆಸೋದು ಸುಲಭ ಅಲ್ಲ.

ಒಂದು ರಾತ್ರಿ ಪ್ಯಾಟ್ರೋಲ್ ಅಭ್ಯಾಸ. ಮುಂದಿದ್ದ ಹರಿಯಾಣದ ಹುಡುಗ ಸೀದಾ ಹಳ್ಳದ ಅಂಚಿಗೆ ಹೋಗುತ್ತಿದ್ದ. 'ಏ ನಿಲ್ಲು, ನಿಲ್ಲು!' ಅಂದುಬಿಟ್ಟೆ. ಅವನಿಗೇನು ಗೊತ್ತಾಗಬೇಕು? ಇನ್ನೊಂದು ಹೆಜ್ಜೆ ಇಟ್ಟ, ಜಾರಿದ, ಕಾಲು ಉಳುಕಿತು. ನಿಲ್ಲು ಅನ್ನೋಕೆ ಹಿಂದಿಯಲ್ಲಿ 'ಥಮ್' ಅಂತ ದಿನಾ ಡ್ರಿಲ್‌ನಲ್ಲಿ ಕೂಗುವವನು ನಾನೇ. ಗಾಬರಿಯಾದಾಗ ಬಾಯಿಗೆ ಬಂದದ್ದು ಮಾತ್ರ ಅಮ್ಮನ ಮಾತು.

ಮಾರನೇ ದಿನದಿಂದ ಹತ್ತೇ ಹತ್ತು ಹಿಂದಿ ಪದ ಆರಿಸಿ, ಕತ್ತಲಲ್ಲಿ, ಓಡುತ್ತಾ, ಏದುಸಿರಲ್ಲಿ ಅವನ್ನೇ ಹೇಳಿಸಿದೆ. ನಾನೂ ಹೇಳಿದೆ. ಸದಾ ಜೊತೆಗಿರುವ ಇಬ್ಬಿಬ್ಬರ 'ಬಡ್ಡಿ' (buddy) ಜೋಡಿಗಳನ್ನೂ ಬದಲಿಸಿದೆ, ಒಂದೇ ಭಾಷೆಯ ಇಬ್ಬರು ಜೊತೆಗಿರಬಾರದು ಅಂತ. ಲಂಗರ್‌ನಲ್ಲಿ, ಅಂದರೆ ಪಲ್ಟನ್ನಿನ ಊಟದ ಮನೆಯಲ್ಲಿ, ಒಂದಷ್ಟು ದಿನ ಗೊಣಗಾಟ ಇತ್ತು. ಮೊದಲ ಎರಡು ತಿಂಗಳು ಕಂಪನಿಯಲ್ಲಿ ನಮ್ಮ ಸೆಕ್ಷನ್ನೇ ಹಿಂದೆ, ಸುಳ್ಳು ಯಾಕೆ ಹೇಳಲಿ.

ಬೇರೆ ಬೇರೆ ಊರಿನವರು ಜೊತೆಗಿರುವ ಲಾಭ ಕಂಡದ್ದು ಹಿಮದ ಪೋಸ್ಟಿಗೆ ಹೋದಮೇಲೆ. ಪ್ಯಾಟ್ರೋಲ್‌ಗೆ ಹೊರಡುವ ಮೊದಲು ಎಲ್ಲರ ಅಭಿಪ್ರಾಯ ಕೇಳುತ್ತಿದ್ದೆ, ಎಲ್ಲರಿಗಿಂತ ಜೂನಿಯರ್‌ನಿಂದ ಶುರುಮಾಡಿ. ಸೀನಿಯರ್ ಮೊದಲು ಬಾಯಿ ಬಿಟ್ಟರೆ ಉಳಿದವರು 'ಜೀ ಉಸ್ತಾದ್' ಅಂತಾರೆ, ಅಷ್ಟೇ. ಅವತ್ತು ಹಿಂದಿನ ರಾತ್ರಿ ಜೋರು ಹಿಮ ಬಿದ್ದಿತ್ತು, ಬೆಳಿಗ್ಗೆ ಚೆನ್ನಾಗಿ ಬಿಸಿಲು. ಬಯಲುಸೀಮೆಯ ನನ್ನ ಕಣ್ಣಿಗೆ ಒಳ್ಳೇ ದಿನ! ಯಾವತ್ತೂ ಮಾತಾಡದ ಹಿಮಾಚಲದ ಹುಡುಗ ನೆಲ ನೋಡುತ್ತಾ, 'ಉಸ್ತಾದ್, ಬಿಸಿಲು ಬಿದ್ದ ಇಳಿಜಾರು ಬೇಡ, ಕತ್ತಲಿರುವಾಗಲೇ ಹೋಗೋಣ' ಅಂದ. ಮರುದಿನ ನಸುಕಿಗೆ ಹೊರಟೆವು. ಆ ಇಳಿಜಾರಿನ ಹಿಮ ಅಷ್ಟರಲ್ಲಿ ಬಿಸಿಲಿಗೆ ಕುಸಿದು ನಮ್ಮ ದಾರಿ ಮುಚ್ಚಿತ್ತು. ಅದನ್ನು ಸುತ್ತಿಹೋಗೋಕೆ ಎರಡು ಗಂಟೆ ಜಾಸ್ತಿ ಬೇಕಾಯ್ತು. ಯಾರೂ ಗೊಣಗಲಿಲ್ಲ.

ಅವತ್ತು ಕಾಲು ಉಳುಕಿಸಿಕೊಂಡವನು ಈಗ ಸ್ವತಃ ಹವಾಲ್ದಾರ್. ಫೋನ್ ಎತ್ತಿದ ಕೂಡಲೇ 'ನಿಲ್ಲು ಉಸ್ತಾದ್!' ಅಂತಾನೆ.