ತರಗೆಲೆಯಡಿಯ ಹುಳುಗಳ ಗುಂಪನ್ನು ಪತ್ತೆ ಹಚ್ಚುವುದು ಹೇಗೆ

ತೋಟದಿಂದ ಒಂದು ಬೊಗಸೆ ಹಸಿ ತರಗೆಲೆ ತಂದು ಬಿಳಿ ತಟ್ಟೆಯಲ್ಲಿ ಹರಡಿ. 10 ಪಟ್ಟು ಹಿಗ್ಗಿಸುವ ಮಸೂರ, ಮೆತ್ತನೆಯ ಕುಂಚ ಸಾಕು. ತಟ್ಟೆ ನೆರಳಲ್ಲಿರಲಿ, ಬಿಸಿಲಿಗೆ ಎರೆಹುಳು ಒಣಗಿ ಸಾಯುತ್ತದೆ.

ಮೊದಲು ಕೀಲುಗಾಲು ಹುಡುಕಿ. ಇದ್ದರೆ ಅದು ಸಂಧಿಪದಿ. ಮೂರು ಜೊತೆ ಕಾಲಿದ್ದರೆ ಬಹುಮಟ್ಟಿಗೆ ಕೀಟ. ನಾಲ್ಕು ಜೊತೆಯಿದ್ದು ತಲೆಯ ಮೇಲೆ ಕುಡಿಮೀಸೆ (ಆಂಟೆನಾ) ಇಲ್ಲದಿದ್ದರೆ ಜೇಡ, ಚೇಳುಗಳ ಬಳಗ. ಕಂಬಳಿಹುಳು ಇಲ್ಲಿ ದಾರಿ ತಪ್ಪಿಸುತ್ತದೆ: ಮುಂದಿನ ಮೂರು ಜೊತೆ ಮಾತ್ರ ನಿಜವಾದ ಕಾಲು, ಹಿಂದಿನವು ಕೀಲಿಲ್ಲದ ಮಾಂಸದ ಗುಬುಟುಗಳು.

ಕಾಲು ಬಹಳವಿದ್ದರೆ ಮೈಯ ಒಂದು ಖಂಡಕ್ಕೆ, ಅಂದರೆ ಉಂಗುರದಂಥ ಒಂದು ತುಂಡಿಗೆ, ಎಷ್ಟು ಎಂದು ಎಣಿಸಿ. ಒಂದೇ ಜೊತೆ, ಚಪ್ಪಟೆ ಮೈ ಎಂದರೆ ಶತಪದಿ. ಕಚ್ಚಿ ವಿಷ ಬಿಡುತ್ತದೆ, ಕೈಯಲ್ಲಿ ಮುಟ್ಟಲೇಬೇಡಿ. ಹೆಚ್ಚಿನ ಖಂಡಗಳಲ್ಲಿ ಎರಡೆರಡು ಜೊತೆಯಿದ್ದರೆ ಸಹಸ್ರಪದಿ. ಮುಟ್ಟಿದೊಡನೆ ಗುಂಡಾಗುವುದನ್ನು ನೋಡಿ ತೀರ್ಮಾನಿಸಬೇಡಿ. ಪಶ್ಚಿಮ ಘಟ್ಟದಲ್ಲಿ ಹಾಗೆ ಸುರುಳಿ ಸುತ್ತುವ ಸಹಸ್ರಪದಿಗಳೂ ಇವೆ, ಏಡಿ-ಸೀಗಡಿಗಳ ನೆಂಟನಾದ ಗುಂಡುಹುಳುವೂ ಇದೆ. ಬಿಚ್ಚಿಕೊಳ್ಳುವವರೆಗೆ ಕಾಯಿರಿ: ಏಳೇ ಜೊತೆ ಕಾಲಿದ್ದರೆ ಎರಡನೆಯದು.

ಕಾಲೇ ಇಲ್ಲ, ಮೈಯೆಲ್ಲ ಉಂಗುರ ಎಂದರೆ ಎರೆಹುಳು ಅಥವಾ ಎರಡು ತುದಿಯಲ್ಲೂ ಹೀರುಬಟ್ಟಲಿರುವ ಇಂಬಳ; ಎರಡೂ ವಲಯವಂತಗಳು. ನೊಣದ ಮರಿಹುಳುವಿಗೂ ಕಾಲಿಲ್ಲ, ಆದರೆ ಉಂಗುರ ಹತ್ತು-ಹನ್ನೆರಡಷ್ಟೇ; ಬೆಳೆದ ಎರೆಹುಳುವಿಗೆ ಸಾಮಾನ್ಯವಾಗಿ ನೂರರ ಆಸುಪಾಸು. ಉಂಗುರವಿಲ್ಲದೆ, ಲೋಳೆ ಸುರಿಸುತ್ತ ಅಗಲವಾದ ಒಂದೇ ಪಾದದ ಮೇಲೆ ಜಾರುವುದು ಬಸವನಹುಳು, ಅಂದರೆ ಮೃದ್ವಂಗಿ. ಚಿಪ್ಪಿಲ್ಲದಿದ್ದರೂ ಗುಂಪು ಅದೇ.

ನೋಡಿದ ಮೇಲೆ ತಂದ ಜಾಗದಲ್ಲೇ ಎಲೆಸಮೇತ ಬಿಡಿ.