ಜಿಐ ಪೈಪಿಗೆ ಥ್ರೆಡ್ ಹಾಕುವ ಡೈ ಸೆಟ್: ಕೊಳ್ಳುವ ಮುನ್ನ ನೋಡಬೇಕಾದದ್ದು

ಸಂಪಿನಿಂದ ಮೇಲಿನ ಟ್ಯಾಂಕಿಗೆ ಹೋಗುವ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪು ಎಲ್ಬೋ ಬಳಿ ತುಕ್ಕು ಹಿಡಿದು ಜಿನುಗತೊಡಗಿದರೆ, ಕೆಟ್ಟ ಭಾಗವನ್ನು ಕತ್ತರಿಸಿ ತೆಗೆದು, ಉಳಿದ ಪೈಪಿನ ತುದಿಗೆ ಹೊಸದಾಗಿ ಥ್ರೆಡ್ ಹಾಕಬೇಕಾಗುತ್ತದೆ. ಈ ತಿರುಪಿನ ಸುತ್ತುಗಳನ್ನು ಕೊರೆಯುವ ಉಪಕರಣವೇ ಡೈ ಸೆಟ್. ಮನೆಯಲ್ಲಿರುವುದು ಸಿಪಿವಿಸಿ ಅಥವಾ ಯುಪಿವಿಸಿ ಪ್ಲಾಸ್ಟಿಕ್ ಪೈಪಾದರೆ ಡೈ ಸೆಟ್ಟಿನ ಅಗತ್ಯವಿಲ್ಲ; ಅವನ್ನು ಸಾಲ್ವೆಂಟ್ ಸಿಮೆಂಟಿನಿಂದ ಅಂಟಿಸಿ, ಥ್ರೆಡ್ ಬೇಕಾದಲ್ಲಿ ಹಿತ್ತಾಳೆಯ ಥ್ರೆಡ್ ಇರುವ ಫಿಟಿಂಗ್ ಹಾಕುತ್ತಾರೆ. ಜಿಐ ಪೈಪೇ ಆದರೂ ಒಂದೆರಡು ತುಂಡುಗಳ ಕೆಲಸವಷ್ಟೇ ಇದ್ದರೆ, ಅಳತೆ ಕೊಟ್ಟು ಪೈಪಿನ ಅಂಗಡಿಯಲ್ಲಿಯೇ ಥ್ರೆಡ್ ಹಾಕಿಸಿಕೊಳ್ಳುವುದು ಲೇಸು. ಗೋಡೆಯಲ್ಲಿ ಕೂತಿರುವ ಪೈಪಿಗೆ ಇದ್ದಲ್ಲೇ ಥ್ರೆಡ್ ಹಾಕಬೇಕಾದಾಗ ಸ್ವಂತ ಸೆಟ್ಟಿನ ಬೆಲೆ ತಿಳಿಯುತ್ತದೆ. ಅಡುಗೆ ಅನಿಲದ ಪೈಪಿಗೆ ಮಾತ್ರ ನಾವಾಗಿ ಕೈಹಾಕಲೇಬಾರದು.

ಪೆಟ್ಟಿಗೆಯಲ್ಲಿ ಎಷ್ಟು ಡೈಗಳಿವೆ ಎಂದು ಎಣಿಸುವ ಮೊದಲು, ಡೈಯ ಮೇಲೆ ಏನು ಕೆತ್ತಿದೆ ಎಂಬುದನ್ನು ಓದಬೇಕು. ನಮ್ಮಲ್ಲಿನ ನೀರಿನ ಪೈಪುಗಳ ಥ್ರೆಡ್ ಬ್ರಿಟಿಷ್ ಪದ್ಧತಿಯದಾದ್ದರಿಂದ ಅಲ್ಲಿ ಬಿಎಸ್‌ಪಿಟಿ ಎಂದಿರಬೇಕು. ನಾನು ಇದನ್ನು ನೋಡದೆ ಆನ್‌ಲೈನಿನಲ್ಲಿ ಒಂದು ಸೆಟ್ ತರಿಸಿದ್ದೆ. ಅರ್ಧ ಇಂಚಿನ ಪೈಪಿಗೆ ಹಾಕಿದ ಥ್ರೆಡ್ ಕಣ್ಣಿಗೆ ಅಚ್ಚುಕಟ್ಟಾಗಿಯೇ ಕಂಡಿತು, ಎರಡು ಪೈಪುಗಳನ್ನು ಜೋಡಿಸುವ ಕಪ್ಲಿಂಗ್ ಕೂಡ ಹತ್ತಿತು. ಆದರೆ ಮೂರು ಸಲ ಬಿಚ್ಚಿ ಟೆಫ್ಲಾನ್ ಟೇಪ್ ಸುತ್ತಿದರೂ ಹನಿ ನಿಲ್ಲಲಿಲ್ಲ. ಎಣ್ಣೆ ಒರೆಸಿ ನೋಡಿದಾಗ ಡೈಯ ಮೇಲೆ ಎನ್‌ಪಿಟಿ ಎಂದಿತ್ತು, ಅಂದರೆ ಅಮೆರಿಕದ ಪದ್ಧತಿ. ಅರ್ಧ ಮತ್ತು ಮುಕ್ಕಾಲು ಇಂಚಿನಲ್ಲಿ ಎರಡೂ ಪದ್ಧತಿಗಳಿಗೆ ಇಂಚಿಗೆ 14 ಸುತ್ತುಗಳೇ ಇರುವುದರಿಂದ ಮೋಸಹೋಗುವುದು ಸುಲಭ. ಥ್ರೆಡ್ಡಿನ ಕೋನ ಮಾತ್ರ ಬ್ರಿಟಿಷ್ ಪದ್ಧತಿಯಲ್ಲಿ 55 ಡಿಗ್ರಿ, ಅಮೆರಿಕದ್ದರಲ್ಲಿ 60. ಒಂದು ಇಂಚಿನಲ್ಲಿ 11 ಮತ್ತು ಹನ್ನೊಂದೂವರೆ ಸುತ್ತುಗಳ ವ್ಯತ್ಯಾಸವಿರುವುದರಿಂದ ಕೆಲವೇ ಸುತ್ತಿಗೆ ಬಿಗಿದುಕೊಂಡು ತಪ್ಪು ಬೇಗ ಗೊತ್ತಾಗುತ್ತದೆ.

ಮನೆಯ ಕೆಲಸಕ್ಕೆ ಅರ್ಧ, ಮುಕ್ಕಾಲು ಮತ್ತು ಒಂದು ಇಂಚಿನ ಡೈಗಳು ಸಾಕು. ಎರಡು ಇಂಚಿನವರೆಗಿನ ದೊಡ್ಡ ಪೆಟ್ಟಿಗೆಗೆ ಹಣ ಸುರಿಯಬೇಕಾಗಿಲ್ಲ. ಹಿಡಿಕೆ ರಾಚೆಟ್ (ಹಿಂದೆ ಮುಂದೆ ಆಡಿಸಿದರೂ ಡೈಯನ್ನು ಒಂದೇ ದಿಕ್ಕಿಗೆ ತಿರುಗಿಸುವ ಕೀಲು) ಇರುವುದೇ ಆಗಿರಲಿ, ಏಕೆಂದರೆ ಗೋಡೆಯ ಪಕ್ಕದಲ್ಲಿ ಹಿಡಿಕೆಯನ್ನು ಪೂರ್ತಿ ಸುತ್ತಿಸಲು ಜಾಗವಿರುವುದಿಲ್ಲ. ಹಲ್ಲುಗಳನ್ನು ಬಿಡಿಬಿಡಿಯಾಗಿ ತೆಗೆಯಬಹುದಾದ ಡೈಯಾದರೆ ಒಂದು ಹಲ್ಲು ಮುಕ್ಕಾದಾಗ ಹಲ್ಲುಗಳ ಸೆಟ್ ಮಾತ್ರ ಬದಲಿಸಬಹುದು. ಅವುಗಳ ಮೇಲೆ 1ರಿಂದ 4ರವರೆಗೆ ಅಂಕಿಗಳಿರುತ್ತವೆ. ಆಯಾ ಅಂಕಿಯ ಸೀಳಿನಲ್ಲೇ ಕೂರಿಸದಿದ್ದರೆ ಥ್ರೆಡ್ ಹರಿದುಹೋಗುತ್ತದೆ.

ಪೈಪಿನ ದಪ್ಪವನ್ನೂ ಗಮನಿಸಬೇಕು. ಉಕ್ಕಿನ ಪೈಪುಗಳ ಭಾರತೀಯ ಮಾನಕ ಐಎಸ್ 1239ರ ಪ್ರಕಾರ ಹಗುರ ದರ್ಜೆಯ ಪೈಪಿಗೆ ಹಳದಿ, ಮಧ್ಯಮಕ್ಕೆ ನೀಲಿ, ಭಾರಿಗೆ ಕೆಂಪು ಪಟ್ಟಿ ಇರುತ್ತದೆ. ಅರ್ಧ ಇಂಚಿನ ಹಗುರ ಪೈಪಿನ ಗೋಡೆ 2 ಮಿಲಿಮೀಟರ್. ಥ್ರೆಡ್ಡಿನ ಆಳವೇ ಸುಮಾರು 1.16 ಮಿಲಿಮೀಟರ್. ಹೀಗಾಗಿ ಥ್ರೆಡ್ಡಿನ ಬುಡದಲ್ಲಿ ಒಂದು ಮಿಲಿಮೀಟರ್ ಕಬ್ಬಿಣವೂ ಉಳಿಯುವುದಿಲ್ಲ, ಮುಂದೆ ತುಕ್ಕು ಹಿಡಿಯುವುದೂ ಅಲ್ಲಿಂದಲೇ. ಹೊಸ ಪೈಪು ತರುವಾಗ ಕನಿಷ್ಠ ನೀಲಿ ಪಟ್ಟಿಯದನ್ನೇ ತರಬೇಕು.

ಸೆಟ್ ಮನೆಗೆ ಬಂದ ದಿನವೇ ಒಂದು ಹಳೆಯ ತುಂಡಿನ ಮೇಲೆ ಪರೀಕ್ಷಿಸುವುದು ಒಳ್ಳೆಯದು. ತುಂಡನ್ನು ಪೈಪ್ ವೈಸಿನಲ್ಲಿ ಬಿಗಿದು, ತುದಿಯನ್ನು ನೇರವಾಗಿ ಕತ್ತರಿಸಿ, ಒಳಗಿನ ಮುಳ್ಳನ್ನು ಅರದಿಂದ ಉಜ್ಜಿ, ಕಟಿಂಗ್ ಆಯಿಲ್ ಬಿಡುತ್ತ ಪೈಪಿನ ತುದಿ ಡೈಯ ಮುಖದ ಮಟ್ಟಕ್ಕೆ ಬರುವವರೆಗೆ ತಿರುಗಿಸಬೇಕು. ಅರ್ಧ ಇಂಚಿನ ಪೈಪಿನಲ್ಲಿ ಇದು ಸುಮಾರು 13 ಮಿಲಿಮೀಟರ್ ಉದ್ದದ, ಏಳು ಸುತ್ತಿನ ಥ್ರೆಡ್. ಎಣ್ಣೆ ತೊಳೆದು, ಟೇಪ್ ಸುತ್ತದೆಯೇ ಹೊಸ ಕಪ್ಲಿಂಗ್ ಹಾಕಿ ನೋಡಿದಾಗ ಅದು ಕೈಯಿಂದ ಮೂರ್ನಾಲ್ಕು ಸುತ್ತು ಹೋಗಿ ಬಿಗಿಯಾಗಬೇಕು, ಮಿಕ್ಕಿದ್ದು ರೆಂಚಿನ ಪಾಲಿಗಿರಬೇಕು. ಕೈಯಿಂದಲೇ ಕೊನೆಯವರೆಗೂ ಸಲೀಸಾಗಿ ಹೋದರೆ ಡೈ ಹೆಚ್ಚು ಆಳಕ್ಕೆ ಕೊರೆಯುತ್ತಿದೆ ಎಂದರ್ಥ. ಆಳ ಹೊಂದಿಸುವ ಸೌಲಭ್ಯವಿಲ್ಲದ ಸೆಟ್ಟಾದರೆ ವಾಪಸಾತಿಯ ಗಡುವು ಮುಗಿಯುವ ಮೊದಲೇ ಹಿಂದಿರುಗಿಸಬೇಕು.